ಫೌಜದಾರ ಊರು ಬಿಟ್ಟನೋ ಇಲ್ಲವೋ

ಮದುವೆಯಾಗಿ ಬೀದರಿಗೆ ಬರುವವರೆಗೆ ನಾನು ಒಂದು ಸಿನಿಮಾವನ್ನೂ ಪೂರ್ತಿ ನೋಡಿದವಳಲ್ಲ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ; ನಮ್ಮ ಎಕಂಬಾದಲ್ಲಿ ಯಾರೂ ನೋಡಿರಲಿಲ್ಲ. ಬೀದರಿನ ಟಾಕೀಸಿನಲ್ಲಿ ಮಧ್ಯಾಹ್ನದ ಆಟ ಮುಗಿಯುವಾಗ ಐದೂವರೆ ದಾಟುತ್ತಿತ್ತು. ನಮ್ಮೂರಿಗೆ ದಿನದ ಕಟ್ಟಕಡೆಯ ಬಸ್ಸು ಹೊರಡುತ್ತಿದ್ದದ್ದು ಸರಿಯಾಗಿ ಐದೂವರೆಗೆ. ಹೀಗಾಗಿ ತೆರೆಯ ಮೇಲೆ ಯಾರೇ ಸಾಯಲಿ, ಯಾರದೇ ಲಗ್ನವಾಗಲಿ, ಐದೂಕಾಲಾಯಿತೆಂದರೆ ಅಪ್ಪ ಹೆಗಲ ಮೇಲಿನ ಟವೆಲು ಝಾಡಿಸಿ ಎದ್ದುಬಿಡುತ್ತಿದ್ದ. ಅವನ ಹಿಂದೆ ಅಕ್ಕ, ಅಕ್ಕನ ಹಿಂದೆ ನಾನು. ನಮ್ಮ ಹಿಂದೆ, ಅದೇ ಬಸ್ಸು ಹಿಡಿಯಬೇಕಾದ ಔರಾದ ಕಡೆಯವರ ಅರ್ಧ ಟಾಕೀಸು ಏಳುತ್ತಿತ್ತು. ಬೀದರಿನವರು ನಮ್ಮನ್ನು ಬೈಯುತ್ತಿದ್ದರು. "ಏ, ಬಸ್ಸಿನ ಮಂದಿ ಹೊಂಟ್ರು, ಕೂತವರ ಕಾಲು ತುಳೀಬ್ಯಾಡ್ರಪ್ಪ!"

ಉಳಿದ ಕಥೆಯನ್ನು ಅಪ್ಪ ಬಸ್ಸಿನಲ್ಲಿ ಹೇಳಿ ಮುಗಿಸುತ್ತಿದ್ದ. ನೋಡದ ಕೊನೆಯನ್ನು ಇವನು ಹೇಗೆ ಹೇಳುತ್ತಾನೆಂದು ಯಾರೂ ಕೇಳುತ್ತಿರಲಿಲ್ಲ. ಕುರಿ ಕಾಯುತ್ತ ಬೆಳೆದವನು, ದನಿ ದೊಡ್ಡದು. ಹಿಂದಿನ ಸೀಟಿನವರಿಗೂ ಕೇಳುತ್ತಿತ್ತು. ಒಮ್ಮೆ ಮಾತ್ರ ಕಂಡಕ್ಟರು, "ಕಾಕಾ, ಹೋದ ವಾರ ಇದೇ ಸಿನಿಮಾದಾಗ ತಮ್ಮ ಸತ್ತಾನಂತ ಹೇಳಿದ್ರಿ, ಈ ವಾರ ಹ್ಯಾಂಗ ಬದುಕಿದಾ?" ಎಂದು ಕೇಳಿದ. "ಹೋದ ವಾರ ದವಾಖಾನಿಗಿ ಒಯ್ಯೋದು ತಡಾ ಆಗಿತ್ತಪ್ಪ" ಎಂದ ಅಪ್ಪ. ಬಸ್ಸೆಲ್ಲ ನಕ್ಕಿತು. ಆದರೆ ಬದುಕಿದ್ದಕ್ಕೆ ಎಲ್ಲರಿಗೂ ಸಮಾಧಾನವೇ ಆಯಿತು.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ಅದೊಂದು ಇಂಗ್ಲಿಷ್ ಸಿನಿಮಾ, ಅಕ್ಕನ ಮದುವೆಗೆ ಮೊದಲು ನಾವು ಕೂಡಿ ನೋಡಿದ ಕಡೆಯದು. ಕೆಂಪು ಮಣ್ಣಿನ ಒಂದು ಊರು, ಒಂದೇ ಬೀದಿ, ಆ ಊರಿಗೊಬ್ಬ ಮಾರ್ಷಲ್. ಆ ಶಬ್ದ ನಮಗಾರಿಗೂ ಗೊತ್ತಿರಲಿಲ್ಲ. ಎದೆಯ ಮೇಲೆ ತಗಡಿನ ನಕ್ಷತ್ರ, ಸೊಂಟದಲ್ಲಿ ಪಿಸ್ತೂಲು ಕಂಡಕೂಡಲೇ ಬೆಂಚಿನವರು ಅವನನ್ನು ಪೊಲೀಸ್ ಫೌಜದಾರ ಎಂದು ತೀರ್ಮಾನಿಸಿಬಿಟ್ಟರು. ಒಂದು ಕಾಲು ಎಳೆದು ನಡೆಯುತ್ತಿದ್ದ. ಖಾನಾವಳಿ ನಡೆಸುವ ವಿಧವೆಯೊಬ್ಬಳು ಅವನಿಗೆ ದಿನಾ ಊಟ ಬಡಿಸುತ್ತಿದ್ದಳು, ಇಬ್ಬರೂ ಮಾತಾಡುತ್ತಿರಲಿಲ್ಲ. ಅವನನ್ನು ಕೊಲ್ಲಲು ಮೂವರು ಅಣ್ಣತಮ್ಮಂದಿರು ಬರುತ್ತಿದ್ದರು. ನಮ್ಮ ಪಕ್ಕದಲ್ಲಿ ಬೀದರಿನ ಮಗ್ಗುಲ ಹಳ್ಳಿ ಅಷ್ಟೂರಿನ ಮುದುಕನೊಬ್ಬ ಕೂತಿದ್ದ. "ಈ ಫೌಜದಾರ ಹಫ್ತಾ ತಿನ್ನೋನಲ್ಲ ನೋಡ್ರಿ, ಅದಕ್ಕೇ ಇಷ್ಟು ಸೊರಗ್ಯಾನ" ಎಂದ. ಮುಂದಿನ ಬೆಂಚಿನಿಂದ ಒಬ್ಬ, "ಸಾಬ್, ಪೀಛೇ ದೇಖೋ!" ಎಂದು ಕೂಗಿದ. ಅಪ್ಪನ ಚಿಂತೆ ಬೇರೆಯೇ. "ಆಗಿಂದ ನೋಡ್ಲತ್ತೀನಿ, ಆ ಕುದುರಿಗಿ ಒಬ್ಬರೂ ನೀರು ಕುಡಿಸವಲ್ರು."

ಫೌಜದಾರ ಕಚೇರಿಯ ಬಾಗಿಲು ಎಳೆದುಕೊಂಡು, ಟೋಪಿ ಸರಿಮಾಡಿಕೊಂಡು, ಬೀದಿಗಿಳಿದು ಎರಡೂ ಕಡೆ ನೋಡಿದ. ಐದೂಕಾಲಾಯಿತು. ಟವೆಲು ಝಾಡಿಸಿದ ಸದ್ದು ಬಂತು. ಅಂದು ಬಸ್ಸಿನಲ್ಲಿ ಎಷ್ಟು ನೂಕುನುಗ್ಗಲೆಂದರೆ ಅಪ್ಪ ಹಿಂದಿನ ಬಾಗಿಲಿನಲ್ಲಿ ಜೋತುಬಿದ್ದ, ನಾವಿಬ್ಬರು ಡ್ರೈವರಿನ ಹತ್ತಿರ ಸಿಕ್ಕಿಕೊಂಡೆವು. ಆ ದಿನ ಕೊನೆ ಹೇಳುವುದು ಉಳಿದೇ ಹೋಯಿತು.

ಆ ಸಿನಿಮಾ ಈಗ ಇಷ್ಟು ವರ್ಷದ ಮೇಲೆ ಬೀದರಿನ ಚಿದ್ರಿಯ ನಮ್ಮ ಮನೆಗೆ ಬಂತು. ನಮ್ಮ ಮನೆಯವರು ನಿವೃತ್ತರಾದ ಮೇಲೆ ಫೋನಿನಲ್ಲಿ ಏನೇನೋ ಹುಡುಕುತ್ತ ಕೂಡುತ್ತಾರೆ. ಕುಂಟುವ ಕಾಲು, ಖಾನಾವಳಿ ಎಂದು ನಾನು ಹೇಳಿದ ಗುರುತಿನ ಮೇಲೆಯೇ ಹುಡುಕಿ ತೆಗೆದರು. ಸಿನಿಮಾದ ಕೆಳಗೆ ನೋಡಿದವರ ಅಭಿಪ್ರಾಯಗಳ ದೊಡ್ಡ ಸಾಲು. ಫೋನೇ ಅವನ್ನು ಕನ್ನಡ ಮಾಡಿ ಕೊಡುತ್ತದೆ. ಒಬ್ಬರು, "ಪಟ್ಟಣದ ದಂಡಾಧಿಕಾರಿಯು ಅತಿ ನಿಧಾನವಾಗಿ ನಡೆಯುತ್ತಾನೆ" ಎಂದು ಒಂದೇ ನಕ್ಷತ್ರ ಕೊಟ್ಟಿದ್ದರು. ಕಾಲು ನೋಯುವವನು ಇನ್ನು ಹೇಗೆ ನಡೆಯಬೇಕು? ಇನ್ನೊಬ್ಬರು ಆರು ಗುಂಡಿನ ಪಿಸ್ತೂಲಿನಿಂದ ಒಂಬತ್ತು ಗುಂಡು ಹಾರಿದ್ದನ್ನು ಎಣಿಸಿದ್ದರು. ಕುದುರೆಯ ನೀರಿನ ಬಗ್ಗೆ ಯಾರೂ ಬರೆದಿರಲಿಲ್ಲ. ಮತ್ತೊಬ್ಬ ಹೆಣ್ಣುಮಗಳು, "ನನ್ನ ತಂದೆಯೊಂದಿಗೆ ನೋಡಿದ್ದೆ, ಕೊನೆಯ ದೃಶ್ಯದಲ್ಲಿ ಅವನು" ಎಂದು ಶುರುಮಾಡಿದ್ದಳು. ನಾನು ಗಪ್ಪನೆ ಹೆಬ್ಬೆರಳಿನಿಂದ ಮುಚ್ಚಿದೆ. ಅಂದಿನಿಂದ ಹಾಗೆಯೇ ಓದುತ್ತಿದ್ದೇನೆ, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯ ಹೆಬ್ಬೆರಳು ಕೊನೆಯ ಮೇಲೆ.

ದಿನಾ ಹನ್ನೊಂದಕ್ಕೆ ಭಾಲ್ಕಿಯ ಗಂಡನ ಮನೆಯಿಂದ ಅಕ್ಕನ ಫೋನು ಬರುತ್ತದೆ. ಅವಳ ರೊಟ್ಟಿ ಮುಗಿಯುವ ಹೊತ್ತು ಅದು, ನನ್ನದೂ ಅದೇ. ಸಿನಿಮಾ ಸಿಕ್ಕ ಮರುದಿನ ಫೋನೆತ್ತಿದವಳೇ, "ಅಕ್ಕಾ, ನಮ್ಮ ಫೌಜದಾರ ಸಿಕ್ಕಾನ" ಎಂದೆ.

"ಯಾರು, ಊರು ಬಿಟ್ಟು ಹ್ವಾದ್ನಲ್ಲ, ಅವನಾ?"

"ಎಲ್ಲಿ ಬಿಟ್ಟಾ? ಅಲ್ಲೇ ಉಳ್ದಾ, ಆ ಖಾನಾವಳಿ ಹೆಣ್ಮಗಳ ಕೂಡ. ಅಪ್ಪನೇ ಹೇಳ್ಯಾನ."

"ನನಗೂ ಅಪ್ಪನೇ ಹೇಳ್ಯಾನ. ಕುದುರಿ ಹತ್ತಿ ಬ್ಯಾರೆ ಊರಿಗಿ ಹ್ವಾದ. ನಿನಗೇನು ಗೊತ್ತು, ಆಗ ನೀ ಕೂಸು."

"ಕೂಸಂದ್ರ? ಐದನೇತ್ತ ಸಾಲಿ ಕಲೀಲತ್ತಿದ್ದೆ!"

"ಅಂದ್ರ ಅಪ್ಪ ನನಗ ಸುಳ್ಳು ಹೇಳ್ಯಾನಂತಿ?"

ಆ ಮಾತಿಗೆ ನಾನು "ಇಲ್ಲ" ಎಂದಿದ್ದರೆ ಮುಗಿಯುತ್ತಿತ್ತು. "ನನಗಂತೂ ಸುಳ್ಳು ಹೇಳಿಲ್ಲ" ಎಂದೆ. ಫೋನು ಕಟ್ಟಾಯಿತು.

ಒಂಬತ್ತು ದಿನ ಅಕ್ಕ ಫೋನು ಮಾಡಲಿಲ್ಲ. ಹನ್ನೊಂದಾದರೆ ನಾನು ಫೋನನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು ನೋಡುತ್ತಿದ್ದೆ, ಕಡೆಯ ರೊಟ್ಟಿ ಹಂಚಿನ ಮೇಲೆ ಹೊತ್ತುತ್ತಿತ್ತು. ಅಪ್ಪ ಹೋಗಿ ಆರು ವರ್ಷ. ಅವನ ಟವೆಲು, ಕೋಲು, ಕಂಬಳಿ ಯಾರ್ಯಾರೋ ತೆಗೆದುಕೊಂಡರು. ನನ್ನ ಪಾಲಿಗೆ ಉಳಿದದ್ದು ಆ ಕೊನೆಯೊಂದೇ. ಅದೂ ಸುಳ್ಳಾದರೆ? ನಿಜವಾದರೆ ಅಕ್ಕನದು ಸುಳ್ಳಾಗುತ್ತದೆ. "ಇಪ್ಪತ್ತು ನಿಮಿಷ ಕೂತು ನೋಡಿಬಿಡು, ಫೈಸಲಾ ಆಗ್ತದ" ಎಂದರು ನಮ್ಮ ಮನೆಯವರು. ಕಚೇರಿಯಲ್ಲಿ ಫೈಲು ವಿಲೇವಾರಿ ಮಾಡಿದ ಮನುಷ್ಯ, ಅವರಿಗೆ ಏನು ಹೇಳುವುದು?

ಹತ್ತನೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ಅಕ್ಕನೇ ನಿಂತಿದ್ದಳು, ಚೀಲದಲ್ಲಿ ಶೇಂಗಾ ಹೋಳಿಗೆ. "ನಿನ್ನ ಸಲುವಾಗಿ ಬಂದಿಲ್ಲ, ಫೌಜದಾರನ ನೋಡ್ಲಾಕ ಬಂದೀನಿ" ಎಂದಳು. ಮೂರಕ್ಕೆ ಟಿವಿ ಹಚ್ಚಿ ನಮ್ಮ ಮನೆಯವರು ರಿಮೋಟು ಹಿಡಿದು ಕೂತರು. ಅದೇ ಬೀದಿ, ಅದೇ ಮಣ್ಣು. ಮಣ್ಣು ಮಾತ್ರ ನಾನು ನೆನೆದಷ್ಟು ಕೆಂಪಾಗಿರಲಿಲ್ಲ. ಕುದುರೆ ಕಾಣುತ್ತಲೇ ಅಕ್ಕ, "ಇನ್ನೂ ನೀರು ಕುಡಿಸಿಲ್ಲ ನೋಡು" ಎಂದಳು. ನಾವಿಬ್ಬರೂ ನಕ್ಕೆವು. ಒಂಬತ್ತು ದಿನದ ಬಿಗಿ ಅಲ್ಲಿಗೇ ಅರ್ಧ ಇಳಿಯಿತು.

ಫೌಜದಾರ ಕಚೇರಿಯ ಬಾಗಿಲು ಎಳೆದುಕೊಂಡ. ಟೋಪಿ ಸರಿಮಾಡಿಕೊಂಡ. ಬೀದಿಗಿಳಿದು ಎರಡೂ ಕಡೆ ನೋಡಿದ.

"ನಿಂದ್ರಸ್ರಿ" ಎಂದಳು ಅಕ್ಕ. ಅವನು ತೆರೆಯ ಮೇಲೆ ಹಾಗೇ ನಿಂತ. ಅಕ್ಕ ನನ್ನ ಕಡೆ ತಿರುಗಿದಳು. "ನಿನಗ ಅಪ್ಪ ಯಾವಾಗ ಹೇಳ್ದ?"

ನೆನಪಿತ್ತು. "ನೀ ಭಾಲ್ಕಿಗಿ ಹ್ವಾದ ಮರುದಿನ ಮುಂಜಾನಿ. ನಾ ಹಾಸಿಗಿ ಬಿಟ್ಟು ಏಳವಲ್ಲೆ ಅಂತ ಅಳ್ಲತ್ತಿದ್ದೆ. ಎಲ್ಲಾರೂ ಹೋಗಲ್ಲವ್ವ, ಫೌಜದಾರ ನೋಡು, ಅಲ್ಲೇ ಉಳ್ದಾ ಅಂದ."

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನನಗ ಹಿಂದಿನ ದಿನ ಹೇಳ್ದ. ಬೀಳ್ಕೊಡಾಗ. ನಾ ಬಾಗಿಲ ಚೌಕಟ್ಟು ಹಿಡಿದು ಬಿಡವಲ್ಲೆ ಅಂತ ನಿಂತಿದ್ದೆ. ಬ್ಯಾರೆ ಊರಿಗಿ ಹ್ವಾದ್ರೂ ಫೌಜದಾರ ಫೌಜದಾರನೇ ನನ್ನವ್ವ, ಅಲ್ಲೀ ಮಂದೀನೂ ಸಲಾಂ ಹೊಡದ್ರು ಅಂದ."

ಇಬ್ಬರೂ ಸ್ವಲ್ಪ ಹೊತ್ತು ಟಿವಿ ನೋಡುತ್ತ ಕೂತೆವು. ಅದರಲ್ಲಿ ಏನೂ ನಡೆಯುತ್ತಿರಲಿಲ್ಲ. ನಮ್ಮ ಮನೆಯವರು ರಿಮೋಟು ಎತ್ತಿ, "ಮುಂದ ಬಿಡ್ಲೇನು?" ಎಂದು ಕೇಳಿದರು. ಅಕ್ಕ ಗೋಡೆಯ ಗಡಿಯಾರ ನೋಡಿದಳು. ಭಾಲ್ಕಿಗೆ ಈಗ ಅರ್ಧ ಗಂಟೆಗೊಂದು ಬಸ್ಸಿದೆ, ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಎದ್ದು, ಹೋಳಿಗೆ ಸುತ್ತಿ ತಂದಿದ್ದ ಟವೆಲು ತೆಗೆದು ಒಮ್ಮೆ ಝಾಡಿಸಿದಳು.

"ನಡಿ, ಬಸ್ಸಿನ ಹೊತ್ತಾಯ್ತು."

ಅವಳನ್ನು ಬಸ್ಸು ಹತ್ತಿಸಿ ಬರುವಷ್ಟರಲ್ಲಿ ನಮ್ಮ ಮನೆಯವರು ಆ ಇಪ್ಪತ್ತು ನಿಮಿಷ ನೋಡಿ ಮುಗಿಸಿದ್ದರು. ಗುಟ್ಟು ತುಂಬಿದ ಮುಖ. "ಏನಾಯ್ತಂದ್ರ..." ಎಂದು ಬಾಯಿ ತೆರೆದರು. "ಚಹಾ ಬೇಕಾಗಿದ್ರ ಸುಮ್ನ ಕೂಡ್ರಿ" ಎಂದೆ. ಪಾಪ, ಈ ಮನುಷ್ಯ ಎರಡು ವಾರದಿಂದ ಚಹಾ ಕುಡಿದು ಕುಡಿದು ಸುಮ್ಮನಿದ್ದಾರೆ.

ಇಷ್ಟೆಲ್ಲ ಆದ ಮೇಲೆ ನಾನೂ ನನ್ನ ಅಭಿಪ್ರಾಯ ಬರೆದೆ. ಐದು ನಕ್ಷತ್ರ ಕೊಟ್ಟು, "ಕುದುರೆಗೆ ನೀರು ಕುಡಿಸಬೇಕಿತ್ತು. ಉಳಿದಂತೆ ಸಿನಿಮಾ ಬಹಳ ಚೆನ್ನಾಗಿದೆ. ಕೊನೆ ಎರಡೂ ಚೆನ್ನಾಗಿವೆ" ಎಂದೆ. ಮರುದಿನ ಯಾವುದೋ ದೂರದ ದೇಶದ ಪುಣ್ಯಾತ್ಮರು ಅದರ ಕೆಳಗೆ, "ನಾನು ಆ ಸಿನಿಮಾವನ್ನು ಇಪ್ಪತ್ತು ಸಲ ನೋಡಿದ್ದೇನೆ, ಅದಕ್ಕೆ ಇರುವುದು ಒಂದೇ ಕೊನೆ, ನೀವು ಪೂರ್ತಿ ನೋಡಿದ್ದೀರಾ?" ಎಂದು ಕೇಳಿದ್ದರು. ಪಾಪ, ಅವರ ಊರಿಗೆ ಕಡೆಯ ಬಸ್ಸು ತಡವಾಗಿ ಹೊರಡುತ್ತದೆಂದು ಕಾಣುತ್ತದೆ. ಸಮಾಧಾನವಾಗಿ ಎಲ್ಲವನ್ನೂ ವಿವರಿಸಿ ಬರೆಯೋಣವೆಂದು ಹಿಟ್ಟಿನ ಕೈ ಒರೆಸಿಕೊಂಡು ಕೂತೆ. ಅಷ್ಟರಲ್ಲಿ ಹನ್ನೊಂದಾಯಿತು, ಅಕ್ಕನ ಫೋನು ಬಂತು.