ಯಾವುದು ಮೊದಲು ಅಂತ ಹೇಳುವ ಸೊಸೆ

ಸ್ವಲ್ಪ ಹತ್ತಿರ ಬನ್ನಿ. ಇನ್ನೂ ಸ್ವಲ್ಪ. ನಾನು ಹೇಳೋದು ನಿಮ್ಮ ಕಿವಿಯಲ್ಲೇ ಇರಬೇಕು. ನಿಮ್ಮ ತಂಗಿಗೂ ಹೇಳಬೇಡಿ, ಅವಳ ಬಾಯಿ ನನಗೆ ಗೊತ್ತು. ಮಾಲೂರು ಸ್ಟೇಷನ್ನಿನ ಹಿಂದುಗಡೆ ನಮ್ಮ ವಠಾರದಲ್ಲಿ ಇಂಥದ್ದು ವಾರಕ್ಕೊಂದು ಆಗ್ತಾನೇ ಇರುತ್ತೆ. ನಾನೇನೂ ಹುಡುಕಿಕೊಂಡು ಹೋಗೋಳಲ್ಲ. ಗೋಡೆ ತೆಳುವಾಗಿದ್ದರೆ ನನ್ನ ತಪ್ಪಾ?

ಕೈಫೋನು ಆಗತಾನೇ ಎಲ್ಲರ ಜೇಬಿಗೂ ಬಂದಿದ್ದ ಕಾಲ. ಪಕ್ಕದ ಮನೆಯಾಕೆಯ ಸೊಸೆ ದಿನಾ ರೈಲು ಹತ್ತಿ ಬೆಂಗಳೂರಿನ ಕಂಪ್ಯೂಟರ್ ಕಂಪನಿಗೆ ಹೋಗ್ತಿದ್ದಳು. ಅವಳ ಹುದ್ದೆ ಪ್ರಾಡಕ್ಟ್ ಓನರ್ ಅಂತ. ಐದು ಜನ ಹುಡುಗರು ಪ್ರೋಗ್ರಾಮ್ ಬರೀತಾರೆ, ಇವಳು ಅದರಲ್ಲಿ ಒಂದಕ್ಷರ ಬರೆಯೋದಿಲ್ಲ. ಜನಕ್ಕೆ ಏನು ಬೇಕು ಅಂತ ಕೇಳಿಕೊಂಡು ಬಂದು, ಇದು ಮೊದಲು, ಅದು ಆಮೇಲೆ, ಇನ್ನೊಂದು ಬೇಡವೇ ಬೇಡ ಅಂತ ಹೇಳೋದು. ಮಾಡಿದ್ದು ಸರಿ ಇಲ್ಲದಿದ್ದರೆ ವಾಪಸ್ ಕಳಿಸೋದು. ಅಷ್ಟಕ್ಕೆ ಸಂಬಳ! ಅದೇ ಕೆಲಸ ನಾನು ಇಡೀ ವಠಾರಕ್ಕೆ ಪುಕ್ಕಟೆ ಮಾಡಿಕೊಂಡು ಬಂದಿದೀನಿ.

ಅತ್ತೆಗೆ ಇದು ಹಿಡಿಸಲಿಲ್ಲ. ಹಿಡಿಸೋ ಹಾಗೆ ನಾನೂ ಬಿಟ್ಟಿರಲಿಲ್ಲ ಅನ್ನಿ. "ಐದು ಗಂಡಸರಿಗೆ ಹುಕುಂ ಮಾಡೋದೂ ಒಂದು ಕೆಲಸವೇನೇ?" ಅಂತ ಕೂಗಾಡಿ ಒಂದು ಷರತ್ತು ಹಾಕಿದಳು. ಆ ಹುಡುಗರು ಆಗ ಕೋಲಾರದ ಟೊಮೆಟೊ ಮಂಡಿಗೆ ಏನೋ ತಯಾರು ಮಾಡ್ತಿದ್ದರು, ಹರಾಜಿನ ರೇಟು ರೈತರ ಫೋನಿಗೆ ಬರೋ ಹಾಗೆ. "ಮಂಡಿಯವರು ಒಪ್ಪಿದರೆ ಕೆಲಸದಲ್ಲಿರು. ಒಪ್ಪದಿದ್ದರೆ ರಾಜೀನಾಮೆ ಕೊಟ್ಟು ಮನೇಲಿರು."

ಸೊಸೆ "ಆಗಲಿ ಅತ್ತೆ" ಅಂದುಬಿಟ್ಟಳು. ನಾನು ಗೋಡೆಗೆ ಇನ್ನೂ ಹತ್ತಿರ ಕೂತೆ.

೧. ಸಾಸಿವೆ

ಸೊಸೆ ತನ್ನ ರೂಮಿನ ಗೋಡೆ ತುಂಬ ಹಳದಿ ಚೀಟಿ ಅಂಟಿಸಿದ್ದಳು. ಒಂದೊಂದು ಚೀಟಿಗೆ ಒಂದೊಂದು ಕೆಲಸ. ಮೇಲಿನದ್ದು ಮೊದಲು, ಕೆಳಗಿನದ್ದು ಕೊನೆಗೆ. ದಿನಾ ರಾತ್ರಿ ಊಟ ಆದಮೇಲೆ ಅದರ ಮುಂದೆ ನಿಂತು ಮೇಲಿನದ್ದನ್ನ ಕೆಳಗೆ, ಕೆಳಗಿನದ್ದನ್ನ ಮೇಲೆ ಮಾಡ್ತಿದ್ದಳು. ನಾನು ಅತ್ತೆಗೆ "ಮಾಟ ಇರಬಹುದು, ನೋಡ್ಕೋ" ಅಂದಿದ್ದೆ. ಅತ್ತೆ ಹೆದರಿ ಹೋಗಿ ಕೇಳಿದರೆ ಸೊಸೆ ನಗುತ್ತಾ, "ಯಾವುದು ಮೇಲಿರುತ್ತೋ ಅದನ್ನ ಹುಡುಗರು ಮೊದಲು ಮಾಡ್ತಾರೆ ಅತ್ತೆ, ಅಷ್ಟೆ" ಅಂದಳು.

ಅತ್ತೆಗೆ ಈ ಪದ್ಧತಿ ಬಹಳ ಅನುಕೂಲ ಅನ್ನಿಸಿತು. ತಾನೂ ಒಂದು ಚೀಟಿ ಬರೆದು ಎಲ್ಲಕ್ಕಿಂತ ಮೇಲೆ ಅಂಟಿಸಿದಳು: "ಸಾಸಿವೆ ಮುಗಿದಿದೆ."

ಬೆಳಗ್ಗೆ ರೈಲಿನ ಆತುರ. ಸೊಸೆ ಚೀಟಿಗಳನ್ನ ಸಾಲಾಗಿ ಕಿತ್ತುಕೊಂಡು ಹೋಗಿ ಆಫೀಸಿನ ಗೋಡೆಗೆ ಅಂಟಿಸಿ ಮೀಟಿಂಗಿಗೆ ಹೋದಳು. ಮಧ್ಯಾಹ್ನ ಬಂದು ನೋಡಿದರೆ ಐದೂ ಜನ ತಲೆ ಕೆರೆದುಕೊಂಡು ಕೂತಿದ್ದಾರೆ. "ಮೇಡಂ, ಈ ಸಾಸಿವೆ ಯಾವ ಸ್ಕ್ರೀನಿನಲ್ಲಿ ಬರಬೇಕು?"

ಒಬ್ಬನಂತೂ ಅದರ ಪಕ್ಕದಲ್ಲಿ "ಎರಡು ದಿನದ ಕೆಲಸ" ಅಂತ ಬರೆದೂ ಇಟ್ಟಿದ್ದನಂತೆ.

೨. ಹಾರ

ಆಫೀಸಿಗೆ ಬಣ್ಣ ಹೊಡೀತಿದ್ದಾರೆ ಅಂತ ಹುಡುಗರು ಮೂರು ದಿನ ಮಾಲೂರಿಗೇ ಬಂದರು. ಬೆಳಗ್ಗೆ ಬಂದ ಕೂಡಲೇ ಜಗಲಿಯಲ್ಲಿ ಸುತ್ತ ನಿಂತುಕೊಂಡು, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ ಅಂತ ಒಬ್ಬೊಬ್ಬರಾಗಿ ಹೇಳಬೇಕು. ಅತ್ತೆ ಚಾಪೆ ಹಾಸಿದಳು. "ಬೇಡಮ್ಮ, ಕೂತರೆ ಮಾತು ಉದ್ದ ಆಗುತ್ತೆ. ನಿಂತೇ ಮುಗಿಸ್ತೀವಿ" ಅಂದರು. ಅತ್ತೆ ಮುಖ ಊದಿಸಿಕೊಂಡು ಒಳಗೆ ಹೋದಳು.

ನಾನು ನಲ್ಲಿ ಹತ್ತಿರದಿಂದ ನೋಡಿದೆ. ಐದು ಗಂಡಸರು, ಕಾಲಲ್ಲಿ ಚಪ್ಪಲಿ ಇಲ್ಲ, ತಗ್ಗಿಸಿದ ತಲೆ, ಮೆಲ್ಲಗೆ ಮಾತು. ಮನೆಯಾಕೆ ಮಾತ್ರ ಕಾಣಿಸ್ತಿಲ್ಲ. ನಾನೇನೂ ಹೇಳಲಿಲ್ಲ, ದೇವರಾಣೆ. ಸೊಪ್ಪಿನವಳ ಹತ್ತಿರ "ಪಾಪ, ಒಂದು ವಾರದಿಂದ ಕೆಮ್ಮು ಇತ್ತು" ಅಂದೆ ಅಷ್ಟೆ.

ಅರ್ಧ ಗಂಟೆಗೆ ಎದುರು ಬೀದಿಯ ರಿಟೈರಾದ ಮೇಷ್ಟ್ರು ಸೇವಂತಿಗೆ ಹಾರ ಹಿಡಿದು, ಕಣ್ಣು ಒರೆಸಿಕೊಳ್ತಾ ಬಂದರು. ಬಾಗಿಲು ತೆಗೆದದ್ದು ಸಾಕ್ಷಾತ್ ಅತ್ತೆಯೇ.

"ಹಾರ ಯಾರಿಗೆ ಮೇಷ್ಟ್ರೇ?"

ಮೇಷ್ಟ್ರು ಹಾರವನ್ನ ಮುಂದೆ ಚಾಚಿದರು. "ನಿಮಗೇ ತಾಯಿ... ಹುಟ್ಟುಹಬ್ಬ ಅಂತ ಯಾರೋ ಅಂದರು."

ಅವರ ಹಿಂದೆ ಇನ್ನೂ ಮೂರು ಹಾರ ಬಂದವು. ಅವಳು ನಾಲ್ಕನ್ನೂ ಹಾಕಿಸಿಕೊಂಡು ಎಲ್ಲರಿಗೂ ಕೇಸರಿಬಾತ್ ಮಾಡಿದಳು. ಅರವತ್ತು ದಾಟಿದಮೇಲೆ ಅವಳಿಗೆ ಮೊದಲನೇ ಹುಟ್ಟುಹಬ್ಬ ಆದದ್ದು ನನ್ನಿಂದ. ಒಂದು ಥ್ಯಾಂಕ್ಸ್ ಇಲ್ಲ.

೩. ರೇಟು ಎಲ್ಲಿ?

ಸೊಸೆ ಹುಡುಗರ ಜೊತೆ ಮಂಡಿಗೆ ಹೋಗಬೇಕಾಯಿತು. ಅತ್ತೆ ಒಬ್ಬಳನ್ನೇ ಕಳಿಸಲಿಲ್ಲ, ಕಾವಲಿಗೆ ನನ್ನನ್ನ ಹೊರಡಿಸಿದಳು. ಹಾಲಿಗೆ ಬೆಕ್ಕನ್ನ ಕಾವಲಿಟ್ಟ ಹಾಗೆ, ನನಗಂತೂ ಖುಷಿ.

ಶ್ರೀನಿವಾಸಪುರದ ಕಡೆಯ ರೈತನೊಬ್ಬನ ಫೋನಿಗೆ ಮೆಸೇಜ್ ಕಳಿಸಿದರು. ಬಂತು. ಇಂಗ್ಲಿಷಿನಲ್ಲಿ ನಮಸ್ಕಾರ, ಕಂಪನಿ ಹೆಸರು, ತಾರೀಖು, ಇನ್ನೇನೇನೋ. ಅವನು ಗುಂಡಿ ಒತ್ತಿ ಒತ್ತಿ ಸುಸ್ತಾಗಿ, ತೆಲುಗಿನಲ್ಲಿ "ರೇಟು ಎಕ್ಕಡಮ್ಮಾ?" ಅಂದ.

"ಕೆಳಗೆ ಹೋಗಿ. ಇನ್ನೂ ಕೆಳಗೆ," ಅಂದ ಒಬ್ಬ ಹುಡುಗ. ಅಷ್ಟರಲ್ಲಿ ಟೆಂಪೊದವನು ಹಾರ್ನ್ ಹೊಡೆದ, ರೈತ ಹೋದ.

ನನಗೆ ತಡೆಯೋಕಾಗಲಿಲ್ಲ. "ಲೇ, ನಾನು ಎರಡನೇ ಕ್ಲಾಸು. ಅಂಕಿ ಬರುತ್ತೆ, ಇಂಗ್ಲಿಷ್ ಬರಲ್ಲ. ರೇಟು ಮೊದಲು ಹಾಕ್ರೋ! ನಾನು ಸುದ್ದಿ ಹೇಳುವಾಗ ಯಾರು ಯಾರ ಜೊತೆ ಓಡಿಹೋದರು ಅಂತ ಮೊದಲು ಹೇಳ್ತೀನಿ. ಅವರಪ್ಪನ ಹೆಸರು, ಊರು, ಗೋತ್ರ ಎಲ್ಲ ಆಮೇಲೆ."

ಸೊಸೆ ಅದನ್ನ ಅಕ್ಷರ ಬಿಡದೆ ಬರೆದುಕೊಂಡಳು. ಹುಡುಗರ ಕಡೆ ತಿರುಗಿ, "ಇದು ಮುಗಿದಿಲ್ಲ" ಅಂದಳು.

"ಮೇಡಂ, ಕೆಲಸ ಮಾಡ್ತಿದೆಯಲ್ಲ?"

"ನಿಮಗೆ ಮಾಡ್ತಿದೆ. ಅವರಿಗೆ ಮಾಡ್ತಿಲ್ಲ. ವಾಪಸ್."

ಐದೂ ಜನ ನನ್ನನ್ನ ನೋಡಿದರು. ಮದುವೆ ಮುರಿದಾಗ ಗಂಡಿನ ಕಡೆಯವರು ನೋಡ್ತಾರಲ್ಲ, ಹಾಗೆ. ನನಗೆ ಆ ನೋಟ ಹೊಸದಲ್ಲ.

೪. ಇವತ್ತು ಆಗಲ್ಲ ಸಾರ್

ಎರಡು ವಾರ ಕಳೆದು ಮಂಡಿಯವರಿಗೆ ತೋರಿಸೋ ದಿನ. ಅತ್ತೆ ತೀರ್ಪು ಹೇಳೋಕೆ ರೇಷ್ಮೆ ಸೀರೆ ಉಟ್ಟು ಬಂದಳು. ಕಂಪನಿಯ ದೊಡ್ಡ ಸಾಹೇಬ ಸೂಟು ಹಾಕಿಕೊಂಡು ಬಂದು, ಕೊಳೆತ ಟೊಮೆಟೊ ಮೇಲೆ ಕಾಲಿಟ್ಟು, ಇನ್ನೇನು ಹರಾಜು ಶುರುವಾಗಬೇಕು ಅನ್ನುವಾಗ ಬಾಯಿ ತೆಗೆದ.

"ಮೆಸೇಜಿನ ಮೊದಲಿಗೆ ಕಂಪನಿ ಹೆಸರು, ಆಮೇಲೆ ಸ್ವಾಗತ, ಆಮೇಲೆ ನನ್ನ ನಾಲ್ಕು ಮಾತು. ಈಗಲೇ ಹಾಕಿ."

ಹುಡುಗರು ಕಂಪ್ಯೂಟರಿನ ಮೇಲೆ ಬಗ್ಗಿದರು.

"ಇವತ್ತು ಆಗಲ್ಲ ಸಾರ್," ಅಂದಳು ಸೊಸೆ.

"ಹೇಳ್ತಿರೋದು ನಾನು!"

"ಬರ್ಕೊಂಡಿದೀನಿ ಸಾರ್. ಯಾವುದು ಮೊದಲು ಅಂತ ತೀರ್ಮಾನ ಮಾಡೋಕೇ ನನ್ನನ್ನ ಇಟ್ಟಿದೀರಿ. ಮೊದಲು ರೇಟು."

ಅತ್ತೆ ನನ್ನ ತೋಳು ಚಿವುಟಿದಳು. "ಹೋಯ್ತು ಕಣೇ ಕೆಲಸ!"

ಹರಾಜು ಕೂಗಿದರು. ಒಂದೇ ಗಳಿಗೆಯಲ್ಲಿ ಇಪ್ಪತ್ತು ಜೇಬು ಕುಂಯ್‌ಗುಟ್ಟಿದವು. ಒಂದೇ ಒಂದು ಅಂಕಿ, ನನಗೂ ಓದೋಕೆ ಬಂತು! ಮುಳಬಾಗಿಲಿನ ರೈತನೊಬ್ಬ ಅಲ್ಲೇ ನಿಂತು ತೋಟದಲ್ಲಿದ್ದ ತಮ್ಮನಿಗೆ ಫೋನಿನಲ್ಲಿ ಕಿರುಚಿದ: "ಕೊಯ್ಯಿರಾ! ಕೊಯ್ಯಿ! ಇವತ್ತೇ ಕೊಯ್ಯಿ!" ಮಂಡಿಯ ಹಿರಿಯರೊಬ್ಬರು ಎದ್ದು ನಿಂತು, "ನಾಳೆಯಿಂದ ಎಲ್ಲರಿಗೂ ಬರಲಿ. ಆದರೆ ಒಂದಕ್ಷರ ಸೇರಿಸಬೇಡಿ" ಅಂದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದು ಆ ಸೂಟಿನವನೇ.

ವಾಪಸ್ ಬರೋ ಬಸ್ಸಿನಲ್ಲಿ ನನಗೆ ನಾಲಿಗೆ ತುರಿಸ್ತಿತ್ತು. ಇಷ್ಟು ಸಪ್ಪೆಯಾಗಿ ಮುಗಿದರೆ ಊರಿಗೆ ಏನು ಹೇಳಲಿ? ಅತ್ತೆ ಪಕ್ಕ ಸರಿದು ಪಿಸುಗುಟ್ಟಿದೆ: "ಎಲ್ಲರೆದುರು ದೊಡ್ಡ ಸಾಹೇಬನಿಗೇ ಆಗಲ್ಲ ಅಂದುಬಿಟ್ಟಳಲ್ಲೇ. ಇಂಥವಳು ನಾಳೆ ನಿನಗೆ ಅನ್ನೋದಿಲ್ವಾ? ಈಗಲೂ ಕಾಲ ಮಿಂಚಿಲ್ಲ, ಕೆಲಸ ಬಿಡಿಸು."

ಅವಳು ಸೀರೆ ಸೆರಗು ಸರಿಮಾಡಿಕೊಂಡು, ಇಡೀ ಬಸ್ಸಿಗೆ ಕೇಳೋ ಹಾಗೆ, ನನ್ನ ಮುಖ ನೋಡಿಯೇ ಹೇಳಿದಳು:

"ಅವಳು ಕೆಲಸ ಬಿಡಲ್ಲ. ಮೂವತ್ತು ವರ್ಷದಿಂದ ನನ್ನ ಬಾಯಿಗೆ ಬರದೇ ಇದ್ದ ಒಂದು ಮಾತನ್ನ ಇವತ್ತು ಅವಳು ಕಲಿಸಿದ್ದಾಳೆ. ನಾಳೆ ಬೆಳಗ್ಗೆಯೂ ನೀನು ನಮ್ಮನೆಗೆ ಕಾಫಿಗೆ ಬರ್ತೀಯಲ್ಲ? ಆಗಲ್ಲ ಕಣೇ."