ಇಸ್ತ್ರಿಗೆ ಬಿದ್ದ ಡಿಪ್ಲೊಮಾ

ಡಿಪ್ಲೊಮಾ ಕಳೆದುಕೊಳ್ಳುವವರು, ಹರಿದುಕೊಳ್ಳುವವರು, ಇಲಿಗೆ ಉಣಿಸುವವರು, ಇವರನ್ನೆಲ್ಲ ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಒಂದು ಹಾಳೆ ಕಾಪಾಡಲಾಗದವರು ಓದಿ ಕಡಿದು ಕಟ್ಟೆ ಹಾಕಿದ್ದಾದರೂ ಏನು? ನನ್ನದು ನೋಡಿ, ಇವತ್ತಿಗೂ ಒಂದು ಮಡಿಕೆ ಇಲ್ಲ! ನಮ್ಮ ಬಟ್ಟೆ ಗಿರಣಿಯಲ್ಲಿ ಮೇಲ್ವಿಚಾರಕನ ಹುದ್ದೆ ಖಾಲಿಯಾಯಿತು. ನಾಳೆ ಮೂಲಪ್ರತಿ ತಂದವನಿಗೇ ಕುರ್ಚಿ ಎಂದು ಸಾಹೇಬರು ಹೇಳಿದ್ದೇ ತಡ, ಡಿಪ್ಲೊಮಾವನ್ನು ಬೀರುವಿನಿಂದ ಇಳಿಸಿ ಮೇಜಿನ ಮೇಲೆ ಮೆರೆಯಲು ಬಿಟ್ಟೆ. ಪಕ್ಕದಲ್ಲಿ ಕಾಫಿ ಲೋಟ. ಚೆಲ್ಲಿದ್ದು ನಾನೇ.

"ಫ್ಯಾನ್ ಕೆಳಗಿಡಿ, ಒಣಗುತ್ತೆ" ಎಂದಳು ಹೆಂಡತಿ.

"ನಿನ್ನ ಉಪದೇಶ ಯಾರು ಕೇಳಿದರು? ಇಸ್ತ್ರಿಪೆಟ್ಟಿಗೆ ತಾ."

ಹೇಗೂ ಬಿಳಿ ಅಂಗಿಗೂ ಇಸ್ತ್ರಿ ಆಗಬೇಕಿತ್ತು. ಒಂದೇ ಕಲ್ಲಿಗೆ ಎರಡು ಹಕ್ಕಿ! ಅಂಗಿಯನ್ನು ಕವುಚಿ ಹಾಸಿ, ಅದರ ಬೆನ್ನಿನ ಮೇಲೆ ಡಿಪ್ಲೊಮಾವನ್ನು ಬೋರಲು ಮಲಗಿಸಿ, ಕಾದ ಪೆಟ್ಟಿಗೆಯನ್ನು ಮೈಭಾರ ಬಿಟ್ಟು ಒತ್ತಿದೆ. ಎತ್ತಿ ನೋಡಿದರೆ ಹಾಳೆ ಬೋಳು! ಮೂಲೆಯಲ್ಲಿ ನೇರಳೆ ಮೊಹರೊಂದು ಅನಾಥವಾಗಿ ಕೂತಿತ್ತು. ನನ್ನ ಹೆಸರು, ವಿಷಯ, ದರ್ಜೆ ಎಲ್ಲ ಮಂಗಮಾಯ.

"ಆವಿಯಾಗಿ ಹೋಗಿವೆ" ಎಂದು ತೀರ್ಪು ಕೊಟ್ಟೆ. "ಅಗ್ಗದ ಶಾಯಿ. ಅಚ್ಚು ಹಾಕಿಸಿದವರಿಗೆ ಯೋಗ್ಯತೆ ಇದ್ದರೆ ತಾನೆ?"

ಸಿಟ್ಟಿನಲ್ಲಿ ಅಂಗಿ ಸಿಕ್ಕಿಸಿಕೊಂಡು ಹೊಸ ಪ್ರತಿ ತರಲು ಹೊರಟೆ.

"ರೀ, ನಿಮ್ಮ ಬೆನ್ನ ಮೇಲೆ..." ಎನ್ನುತ್ತ ಹಿಂದೆಯೇ ಬಂದಳು.

"ಬರೋದಾದರೆ ಬಾಯಿ ಮುಚ್ಚಿಕೊಂಡು ಬಾ."

ಮದುವೆಯಾದ ಮೇಲೆ ಅವಳು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದು ಆವತ್ತೇ.

ಪರೀಕ್ಷಾ ಕಚೇರಿಯ ಸಾಲಿನಲ್ಲಿ ನನ್ನ ಹಿಂದಿದ್ದವರು ಕತ್ತು ಓರೆ ಮಾಡಿ ಪಿಸುಗುಡುತ್ತಿದ್ದರು. ಹೇಳಿಕೇಳಿ ಭಾವೀ ಮೇಲ್ವಿಚಾರಕ, ನೋಡಲಿ ಬಿಡಿ ಎಂದು ಇನ್ನಷ್ಟು ನೆಟ್ಟಗೆ ನಿಂತೆ.

ಕಿಟಕಿಯಾಚೆಯ ಗುಮಾಸ್ತೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಹಾಳಾದ ಮೂಲಪ್ರತಿ ಒಪ್ಪಿಸಿದರೆ ಸಂಜೆಯೊಳಗೆ ಹೊಸದು ಕೊಡ್ತೀವಿ. ಆದರೆ ಇದರಲ್ಲಿ ಹೆಸರೇ ಇಲ್ವಲ್ಲ. ಅಕ್ಷರ ಎಲ್ಲಿ?"

"ಅದನ್ನ ನಿಮ್ಮ ಶಾಯಿಯನ್ನೇ ಕೇಳಿ."

"ಇಲ್ಲೇ ಇದೆ ಮೇಡಂ" ಎಂದ ನನ್ನ ಹಿಂದಿದ್ದ ಮುದುಕ. "ಆಗಲಿಂದ ಓದ್ತಾ ಇದ್ದೀನಿ. ಉಲ್ಟಾ ಇದೆ ಅಷ್ಟೇ. ಮೂರನೇ ದರ್ಜೆ ಅನ್ಸುತ್ತೆ."

ಸಾಲಿಗೆ ಸಾಲೇ ನಕ್ಕಿತು.

"ತಿರುಗಿ" ಎಂದಳು ಗುಮಾಸ್ತೆ. ತಿರುಗಿದೆ. "ಸರಿ, ಬಿಚ್ಚಿ. ಹೆಸರು ಎಲ್ಲಿದೆಯೋ ಅದೇ ಮೂಲಪ್ರತಿ. ಅಂಗಿ ಒಪ್ಪಿಸಿ."

ಮಾನವೋ, ಕುರ್ಚಿಯೋ? ಕುರ್ಚಿಯೇ ಗೆದ್ದಿತು. ಅಂಗಿ ಕಿಟಕಿಯೊಳಗೆ ಹೋಯಿತು, ತೂತುಬಿದ್ದ ಬನಿಯನ್ನಿನಲ್ಲಿ ನಾನು ಹೊರಗುಳಿದೆ.

ಆಕೆ ಅಂಗಿಯ ಬೆನ್ನನ್ನು ಗೋಡೆಯ ಮೇಲಿನ ಕನ್ನಡಿಗೆ ಹಿಡಿದು ನಿಧಾನವಾಗಿ ಓದಿಕೊಂಡಳು. "ವಿಷಯದ ಸಾಲು ಹೊಲಿಗೆಯಲ್ಲಿ ಸೇರಿಹೋಗಿದೆ. ಡಿಪ್ಲೊಮಾ ಯಾವುದರಲ್ಲಿ?"

ನಾನು ಬನಿಯನ್ನಿನ ತೂತು ಮುಚ್ಚಿಕೊಳ್ಳುವುದರಲ್ಲಿದ್ದೆ. ಹೆಂಡತಿ ಮುಂದೆ ಬಂದು ಕಿಟಕಿಗೆ ಬಾಗಿ, ಬಹಳ ವಿನಯದಿಂದ ಹೇಳಿದಳು:

"ಬಟ್ಟೆ ಮೇಲೆ ಅಚ್ಚು ಹಾಕೋದರಲ್ಲಿ ಮೇಡಂ. ಇವರು ಹಾಕಿದ್ದನ್ನ ನಾನು ಕಣ್ಣಾರೆ ನೋಡಿದ್ದು ಇವತ್ತೇ."