ದೇವಪ್ಪ ಮಾಸ್ತರರ ಜ್ವರ

ಇಳಕಲ್ಲಿನ ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯ ಸೂಪರ್‌ವೈಸರ್ ಮುತ್ತುರಾಜನಿಗೆ ಅಂದು ಒಂದೇ ದಿನದ ರಜೆ ಬೇಕಾಗಿತ್ತು. ಹುನಗುಂದದಲ್ಲಿ ಹೆಣ್ಣು ನೋಡುವುದಿತ್ತು. ಹಿಂದಿನ ನಾಲ್ಕು ಹುಡುಗಿಯರು ಅವನನ್ನು ಒಪ್ಪಿರಲಿಲ್ಲ. ಇದೂ ತಪ್ಪಿದರೆ ಇನ್ನು ಹುಡುಕುವವಳಲ್ಲ ಎಂದು ತಾಯಿ ರತ್ನವ್ವ ಕಡ್ಡಿ ಮುರಿದಂತೆ ಹೇಳಿದ್ದಳು.

ಹೊಸ ಮ್ಯಾನೇಜರ್ ಹೊರರಾಜ್ಯದವರು, ಕನ್ನಡ ಬಾರದು. ಮುತ್ತುರಾಜ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ‘ಸರ್, ನಾಟ್ ಕಮಿಂಗ್ ಟುಡೇ, ಓಕೆ?’ ಎಂದು ಒತ್ತುತ್ತಿದ್ದ. ಪಕ್ಕದ ಮನೆಯ ನಿವೃತ್ತ ಇಂಗ್ಲಿಷ್ ಮಾಸ್ತರ ದೇವಪ್ಪನವರು ಇಣುಕಿ ನೋಡಿ, ಹಾವು ತುಳಿದವರಂತೆ ಹಿಂದೆ ಸರಿದರು.

“ದೊಡ್ಡವ್ರಿಗೆ ಓಕೆ ಅಂತ ಬರಿತಾರೇನಲೇ? ಅಂಗಡ್ಯಾಗ ಚಾ ಹೇಳಿದಂಗಾತು. ಕೊಡಿಲ್ಲಿ.”

ಮೊಬೈಲು ಕಸಿದುಕೊಂಡು ಅವರೇ ಬರೆದರು: ‘ರೆಸ್ಪೆಕ್ಟೆಡ್ ಸರ್, ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್...’

“ನನಗ ಜ್ವರ ಇಲ್ಲಲ್ರಿ ಸರ್.”

“ರಜಾ ಅರ್ಜಿಗೆ ಇರತೈತಿ. ಮೂವತ್ತ ವರ್ಷ ಹುನಗುಂದದಾಗ ಪಾಠ ಮಾಡೇನಿ, ಜ್ವರ ಇಲ್ಲದ ಅರ್ಜಿ ಒಂದೂ ಕಲಿಸಿಲ್ಲ.”

ಕೊನೆಗೊಂದು ‘ಯುವರ್ಸ್ ಒಬೀಡಿಯಂಟ್ಲಿ’ ಸೇರಿಸಿ ಕಳಿಸಿಯೇಬಿಟ್ಟರು.

ಇಷ್ಟು ವಿನಯದ ಇಂಗ್ಲಿಷನ್ನು ಮ್ಯಾನೇಜರ್ ಈ ಜನ್ಮದಲ್ಲಿ ಕಂಡಿರಲಿಲ್ಲ. ಬರೆದವನು ಉಳಿಯುವುದೇ ಕಷ್ಟವೆಂದು ಹೆದರಿ, ಎಳನೀರು ಹಿಡಿದು ಅವನ ಮನೆಗೆ ಬಂದರು. ಬಾಗಿಲಿಗೆ ಬೀಗ. ದೇವಪ್ಪ ಮಾಸ್ತರರು ಹೊರಬಂದು ಅಚ್ಚ ಇಂಗ್ಲಿಷಿನಲ್ಲಿ ಹುನಗುಂದದ ಹೆಣ್ಣಿನ ಮನೆಯ ವಿಳಾಸವನ್ನು ಮರ್ಯಾದೆಯಿಂದ ಹೇಳಿದರು.

ಅಲ್ಲಿ ಮುತ್ತುರಾಜ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುತ್ತಿದ್ದ. ಮ್ಯಾನೇಜರ್ ಎಳನೀರಿನೊಂದಿಗೆ ಒಳಬಂದು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಹುಡುಗಿಯ ತಂದೆ ಕಳಕಪ್ಪ ಅರ್ಥವಾಗದೆ ಮಗಳತ್ತ ನೋಡಿದ. ಮಗಳು ಸುನಿತಾ ಶಾಲೆಯಲ್ಲಿ ಟೀಚರು.

“ಇವರಿಗೆ ಜ್ವರ ಹೆಂಗ ಅದಾವು ಅಂತ ಕೇಳಾಕತ್ತಾರ, ಅಪ್ಪಾ.”

“ಜ್ವರಾನ? ಯಾವಾಗಿಂದ?” ಕಳಕಪ್ಪ ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿದ.

ಇದೆಯೆಂದರೆ ಹೆಣ್ಣು ಹೋಗುತ್ತದೆ, ಇಲ್ಲವೆಂದರೆ ಕೆಲಸ ಹೋಗುತ್ತದೆ. ಮುತ್ತುರಾಜ ಹೆಣ್ಣನ್ನೇ ಆರಿಸಿಕೊಂಡ.

“ಜ್ವರ ಇಲ್ರಿ. ರಜಾಕ್ಕಂತ ಸುಳ್ಳ ಬರದಿದ್ದೆ.”

ಸುನಿತಾ ಒಂದಕ್ಷರ ಬಿಡದೆ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಮ್ಯಾನೇಜರ್ ಜೋರಾಗಿ ನಕ್ಕರು. ‘ನಾಟ್ ಕಮಿಂಗ್’ ಅಂದಿದ್ದರೆ ಸಾಕಾಗಿತ್ತಲ್ಲ ಎಂದು ಬೆನ್ನು ತಟ್ಟಿ, ಎಳನೀರನ್ನು ಅಲ್ಲೇ ಇಟ್ಟು ಹೋದರು. ಕೆಲಸ ಉಳಿಯಿತು. ನಿಜ ಹೇಳಿದವನಿಗೆ ಹೆಣ್ಣೂ ಸಿಕ್ಕಂತೆಯೇ ಎಂದು ಮುತ್ತುರಾಜ ದಾರಿಯುದ್ದಕ್ಕೂ ಹಿಗ್ಗಿದ.

ಸಂಜೆ ಸುನಿತಾಳ ಮೆಸೇಜು ಬಂತು.

‘ರೆಸ್ಪೆಕ್ಟೆಡ್ ಸರ್, ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್, ಐ ಆಮ್ ಅನೇಬಲ್ ಟು ಮ್ಯಾರಿ ಯು. ಯುವರ್ಸ್ ಒಬೀಡಿಯಂಟ್ಲಿ.’

ಮುತ್ತುರಾಜ ಮೊಬೈಲನ್ನು ದೇವಪ್ಪ ಮಾಸ್ತರರ ಮುಂದೆ ಹಿಡಿದ. ಅವರು ಎರಡು ಸಲ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಒಂದ ಕಾಮಾ ಸೈತ ತಪ್ಪಿಲ್ಲ ನೋಡ. ನನ್ನ ಕೈಯಾಗ ಕಲ್ತ ಹುಡುಗೀನ ಇರಬೇಕು.”